ಮಗುವಿನ ಮೇಲೆ ದೌರ್ಜನ್ಯದ ಅನುಮಾನ ಬಂದಾಗ: ತಿಳಿಸಬೇಕಾದವರ ಹೊಣೆ, ಹೆಜ್ಜೆ ಹೆಜ್ಜೆಯಾಗಿ

ಮಗು ಆಡಿದ ಒಂದು ಮಾತು ಪೊಲೀಸ್ ಠಾಣೆ ಮುಟ್ಟುವ ಮುಂಚೆ ಎಷ್ಟೋ ಕಿವಿಗಳನ್ನು ದಾಟಬೇಕಾಗುತ್ತದೆ. ಟೀಚರ್ ಮುಖ್ಯಶಿಕ್ಷಕರಿಗೆ ಹೇಳುತ್ತಾರೆ. ಮುಖ್ಯಶಿಕ್ಷಕರು ಆಡಳಿತ ಮಂಡಳಿಗೆ ಫೋನ್ ಮಾಡುತ್ತಾರೆ. ಅಲ್ಲಿ ಯಾರೋ ಒಬ್ಬರು ‘ಮೊದಲು ನಾವು ವಿಚಾರಿಸಿ ನೋಡೋಣ’ ಎನ್ನುತ್ತಾರೆ. ಪ್ರಕರಣ ಕೆಡುವುದು ಈ ಮಾತಿನಿಂದಲೇ. ವಿಚಾರಿಸುವ ನೆಪದಲ್ಲಿ ಕಳೆಯುವ ಒಂದು ವಾರದಲ್ಲಿ ಆರೋಪಿಗೆ ಸುಳಿವು ಸಿಗುತ್ತದೆ, ಮನೆಯವರ ಮೇಲೆ ಒತ್ತಡ ಬೀಳುತ್ತದೆ, ಬಟ್ಟೆ ತೊಳೆದಾಗಿರುತ್ತದೆ, ಸಿಸಿಟಿವಿ ದೃಶ್ಯ ಅಳಿಸಿಹೋಗಿರುತ್ತದೆ. ಐದು ಜನ ಐದು ಸಲ ಕೇಳಿದ ಮೇಲೆ ಮಗುವೂ ಬಾಯಿ ಮುಚ್ಚಿಕೊಳ್ಳುತ್ತದೆ.

ಕಾನೂನು ನಿಮ್ಮಿಂದ ತನಿಖೆಯನ್ನು ಕೇಳುವುದಿಲ್ಲ. ಗೊತ್ತಾದದ್ದನ್ನು ತಿಳಿಸಿ ಎನ್ನುತ್ತದೆ, ಅಷ್ಟೆ. ಶಿಕ್ಷಕರು, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು, ವೈದ್ಯರು, ನರ್ಸ್‌ಗಳು, ಹಾಸ್ಟೆಲ್ ವಾರ್ಡನ್‌ಗಳು, ಟ್ಯೂಷನ್ ಮತ್ತು ಆಟದ ತರಬೇತಿ ನಡೆಸುವವರು ಆ ಕೆಲಸವನ್ನು ಹೇಗೆ ಮಾಡಬೇಕು ಎಂಬುದು ಇಲ್ಲಿದೆ.

ಯಾರ ಹೊಣೆ, ತಪ್ಪಿದರೆ ಏನು

ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆ ಕಾಯ್ದೆ, ಅಂದರೆ ಪೋಕ್ಸೊ, ಜಾರಿಗೆ ಬಂದದ್ದು 2012ರ ನವೆಂಬರ್ 14ರಂದು. 18 ವರ್ಷ ತುಂಬದ ಪ್ರತಿಯೊಬ್ಬರೂ, ಹುಡುಗನಿರಲಿ ಹುಡುಗಿಯಿರಲಿ, ಇದರ ಲೆಕ್ಕದಲ್ಲಿ ಮಗು. ಕೆಲವು ದೇಶಗಳಲ್ಲಿ ತಿಳಿಸುವ ಹೊಣೆ ವೈದ್ಯರು, ಶಿಕ್ಷಕರಂಥ ಕೆಲವು ವೃತ್ತಿಯವರದ್ದು ಮಾತ್ರ. ನಮ್ಮಲ್ಲಿ ಹಾಗಲ್ಲ. ಕಾಯ್ದೆಯ 19ನೇ ಸೆಕ್ಷನ್ ‘ಯಾವುದೇ ವ್ಯಕ್ತಿ’ ಎಂದೇ ಹೇಳುತ್ತದೆ. ಅಪರಾಧ ನಡೆದಿದೆ ಎಂದು ಗೊತ್ತಾದರೂ, ನಡೆಯಬಹುದು ಎಂಬ ಆತಂಕ ಹುಟ್ಟಿದರೂ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ಇಲ್ಲವೇ ಸ್ಥಳೀಯ ಪೊಲೀಸರಿಗೆ ತಿಳಿಸಬೇಕು. ಅಕ್ಕಪಕ್ಕದ ಮನೆಯವರಿಂದ ಹಿಡಿದು ಶಾಲೆಯ ವ್ಯಾನ್ ಓಡಿಸುವವರ ತನಕ ಎಲ್ಲರಿಗೂ ಇದು ಅನ್ವಯ.

ತಿಳಿಸದೇ ಇದ್ದರೆ 21ನೇ ಸೆಕ್ಷನ್ ಪ್ರಕಾರ 6 ತಿಂಗಳವರೆಗೆ ಸೆರೆವಾಸ, ಅಥವಾ ದಂಡ, ಅಥವಾ ಎರಡೂ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನ ಸಿಬ್ಬಂದಿ ಎಸಗಿದ ಅಪರಾಧವನ್ನು ತಿಳಿಸದಿದ್ದರೆ 1 ವರ್ಷದವರೆಗೆ ಸೆರೆವಾಸ ಮತ್ತು ದಂಡ. ಮಾಹಿತಿ ಬಂದರೂ ದಾಖಲಿಸದ ಪೊಲೀಸ್ ಅಧಿಕಾರಿಗೂ ಇದೇ ಸೆಕ್ಷನ್‌ನಲ್ಲಿ ಶಿಕ್ಷೆಯಿದೆ. ಹೇಳದೇ ಉಳಿದ ಮಗುವಿಗೆ ಮಾತ್ರ ಶಿಕ್ಷೆಯಿಲ್ಲ.

ಇದು ಪುಸ್ತಕದಲ್ಲಷ್ಟೇ ಇರುವ ನಿಯಮವಲ್ಲ. ಮಹಾರಾಷ್ಟ್ರದ ವಸತಿಶಾಲೆಯೊಂದರ ಹುಡುಗಿಯರಿಗೆ ಚಿಕಿತ್ಸೆ ಕೊಡುತ್ತಿದ್ದ ವೈದ್ಯರು ದೌರ್ಜನ್ಯದ ವಿಷಯ ಗೊತ್ತಿದ್ದೂ ತಿಳಿಸಲಿಲ್ಲ ಎಂಬ ಪ್ರಕರಣವನ್ನು ಬಾಂಬೆ ಹೈಕೋರ್ಟ್ ರದ್ದುಮಾಡಿತ್ತು. 2022ರ ನವೆಂಬರ್ 2ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನೇ ತಳ್ಳಿಹಾಕಿತು. ಗೊತ್ತಿದ್ದೂ ತಿಳಿಸದಿರುವುದು ಗಂಭೀರ ಅಪರಾಧ, ಬಹುತೇಕ ಸಲ ಅದು ತಪ್ಪಿತಸ್ಥರನ್ನು ಕಾಪಾಡುವ ಪ್ರಯತ್ನವೇ ಆಗಿರುತ್ತದೆ ಎಂದಿತು.

ಒಳ್ಳೆಯ ಮನಸ್ಸಿನಿಂದ ತಿಳಿಸಿದವರಿಗೆ ರಕ್ಷಣೆಯೂ ಅದೇ ಕಾಯ್ದೆಯಲ್ಲಿದೆ. 19(7)ರ ಪ್ರಕಾರ ಅಂಥವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಕೇಸು ನಿಲ್ಲುವುದಿಲ್ಲ. ‘ಸುಳ್ಳಾದರೆ ನಮ್ಮ ಗತಿ ಏನು’ ಎಂಬ ಹೆದರಿಕೆಗೆ ಉತ್ತರ 22ನೇ ಸೆಕ್ಷನ್‌ನಲ್ಲಿದೆ. ಅದು ಹಿಡಿಯುವುದು ಅವಮಾನ ಮಾಡಲು, ಹಣ ಕೀಳಲು, ಬೆದರಿಸಲು, ಹೆಸರು ಕೆಡಿಸಲು ಎಂದೇ ಸುಳ್ಳು ದೂರು ಕೊಟ್ಟವರನ್ನು. ಅನುಮಾನಪಟ್ಟು ತಿಳಿಸಿ, ತನಿಖೆಯಲ್ಲಿ ಅದು ಸಾಬೀತಾಗದೆ ಹೋದರೆ ಅದು ಸುಳ್ಳು ದೂರಲ್ಲ.

ಅನುಮಾನ ಎಷ್ಟು ಗಟ್ಟಿಯಾಗಿರಬೇಕು

ಸಾಕ್ಷಿ ಬೇಕಿಲ್ಲ, ವೈದ್ಯರ ಸರ್ಟಿಫಿಕೇಟ್ ಬೇಕಿಲ್ಲ, ತಾಯಿತಂದೆಯ ಒಪ್ಪಿಗೆಯೂ ಬೇಕಿಲ್ಲ. ಮಗು ಬಾಯಿಬಿಟ್ಟು ಹೇಳಿದ್ದರೆ ಅಲ್ಲಿಗೆ ಮುಗಿಯಿತು, ತಿಳಿಸಲೇಬೇಕು. ಮಗುವಿನ ಗೆಳತಿ ಬಂದು ಹೇಳಿದರೂ ಅದು ಮಾಹಿತಿಯೇ.

ಮಗು ಹೇಳದೇ ಇದ್ದಾಗ ಲಕ್ಷಣಗಳನ್ನು ಒಟ್ಟಿಗಿಟ್ಟು ನೋಡಬೇಕು. ಮೂತ್ರ ಮಾಡುವಾಗ ಉರಿ, ಕೂರಲು ಕಷ್ಟ, ಒಳಉಡುಪಿನಲ್ಲಿ ರಕ್ತದ ಕಲೆ, ಲೈಂಗಿಕವಾಗಿ ಹರಡುವ ಸೋಂಕು, ಚಿಕ್ಕ ವಯಸ್ಸಿನಲ್ಲಿ ಗರ್ಭ: ಇವು ತಡಮಾಡುವಂಥವಲ್ಲ. ಇದ್ದಕ್ಕಿದ್ದಂತೆ ಓದಿನಲ್ಲಿ ಹಿಂದೆ ಬೀಳುವುದು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳುವುದು, ಒಬ್ಬ ನಿರ್ದಿಷ್ಟ ವ್ಯಕ್ತಿಯನ್ನು ಕಂಡರೆ ಹೆದರಿ ಮುದುಡುವುದು, ವಯಸ್ಸಿಗೆ ಮೀರಿದ ಲೈಂಗಿಕ ಮಾತು ಅಥವಾ ಆಟ, ಎಲ್ಲಿಂದ ಬಂತೆಂದು ಹೇಳಲಾಗದ ದುಡ್ಡು, ಮೊಬೈಲ್: ಇವುಗಳಲ್ಲಿ ಒಂದೊಂದಕ್ಕೂ ಬೇರೆ ಕಾರಣ ಇರಬಹುದು. ಎರಡು ಮೂರು ಒಟ್ಟಿಗೆ ಕಂಡರೆ, ಅದರಲ್ಲೂ ಒಬ್ಬನ ಸುತ್ತಲೇ ಸುತ್ತುತ್ತಿದ್ದರೆ, ಆತಂಕಕ್ಕೆ ಆಧಾರ ಸಿಕ್ಕಂತೆ. ಗೊಂದಲವಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ ಸ್ಥಿತಿ ವಿವರಿಸಿ, ಸಲಹೆ ಕೇಳಿ. ಕಾದು ನೋಡುವುದಕ್ಕಿಂತ ಅದು ಎಷ್ಟೋ ಒಳ್ಳೆಯದು.

ದೌರ್ಜನ್ಯ ಎಸಗಿದವನೂ 18ರೊಳಗಿನವನಾದರೆ? ಆಗಲೂ ತಿಳಿಸಬೇಕು. ಅವನ ವಿಚಾರಣೆ ಬಾಲನ್ಯಾಯ ಮಂಡಳಿಯ ಮುಂದೆ ಬೇರೆ ರೀತಿಯಲ್ಲಿ ನಡೆಯುತ್ತದೆ. ಅವನ ಭವಿಷ್ಯದ ಯೋಚನೆಯನ್ನು ಅಲ್ಲಿ ಮಾಡುತ್ತಾರೆ.

ಮಗು ಮಾತಾಡಲು ಶುರು ಮಾಡಿದಾಗ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮಧ್ಯಾಹ್ನದ ಊಟದ ಬಿಡುವು. ಮೂರನೇ ತರಗತಿಯ ಹುಡುಗಿ ಊಟಕ್ಕೆ ಏಳದೆ ಬೆಂಚಿನಲ್ಲೇ ಕೂತಿದ್ದಾಳೆ. ‘ಯಾಕೆ ಪುಟ್ಟಿ, ಊಟಕ್ಕೆ ಹೋಗಲ್ವಾ?’ ಎಂದರೆ, ‘ಆಟೋ ಮಾಮ ಅಲ್ಲೆಲ್ಲ ಮುಟ್ತಾನೆ ಮಿಸ್’ ಎನ್ನುತ್ತಾಳೆ.

ಆ ಕ್ಷಣ ನಿಮ್ಮ ಮುಖದಲ್ಲಿ ಗಾಬರಿ, ಸಿಟ್ಟು ಕಾಣಿಸಬಾರದು. ಕಂಡರೆ ಮಗು ತಾನೇ ತಪ್ಪು ಮಾಡಿದೆ ಎಂದುಕೊಂಡು ಮಾತು ನುಂಗುತ್ತದೆ. ಪಕ್ಕದಲ್ಲಿ, ಅದರ ಎತ್ತರಕ್ಕೇ ಕೂರಿ. ಬೇರೆ ಮಕ್ಕಳಿಗೆ ಕೇಳಿಸದ ಜಾಗವಾಗಿರಲಿ, ಆದರೆ ಬಾಗಿಲು ಹಾಕಿದ ಕೋಣೆ ಬೇಡ.

ಕೇಳುವ ಪ್ರಶ್ನೆ ಬಾಗಿಲು ತೆರೆಯುವಂಥದ್ದಾಗಿರಲಿ: ‘ಏನಾಯ್ತು, ಹೇಳ್ತೀಯಾ?’, ‘ಆಮೇಲೆ?’. ಯಾರು, ಎಲ್ಲಿ, ಯಾವಾಗ ಎಂಬುದು ಮಗುವಿನ ಮಾತಿನಲ್ಲೇ ಬಂದರೆ ಸರಿ. ಬರದಿದ್ದರೆ ಒಂದೊಂದೇ ಸಲ ಕೇಳಿ ನಿಲ್ಲಿಸಿ. ‘ಚಡ್ಡಿ ಒಳಗೆ ಕೈ ಹಾಕಿದ್ನಾ?’, ‘ನಿನ್ನೆಯೂ ಹೀಗೇ ಮಾಡಿದ್ನಾ?’ ಎಂಬಂಥ ಪ್ರಶ್ನೆಗಳು ಬೇಡವೇ ಬೇಡ. ಹೌದು ಎಂದರೆ ಟೀಚರ್‌ಗೆ ಸಮಾಧಾನವಾಗುತ್ತದೆ ಎಂದು ಮಗು ಹೌದೆನ್ನಬಹುದು. ಮುಂದೆ ಕೋರ್ಟಿನಲ್ಲಿ ಆರೋಪಿ ಪರ ವಕೀಲರು ಹಿಡಿಯುವುದು ಇದನ್ನೇ, ‘ಇದು ಹೇಳಿಕೊಟ್ಟ ಮಾತು’ ಎಂದು. ‘ಯಾಕೆ ಮೊದಲೇ ಹೇಳಲಿಲ್ಲ?’ ಎಂದೂ ಕೇಳಬೇಡಿ. ಪ್ರಶ್ನೆಯಂತೆ ಕಂಡರೂ ಮಗುವಿಗೆ ಅದು ಬೈಗುಳದಂತೆ ಕೇಳುತ್ತದೆ.

‘ಯಾರಿಗೂ ಹೇಳಬೇಡಿ ಮಿಸ್’ ಎಂದು ಮಗು ಕೇಳಿಯೇ ಕೇಳುತ್ತದೆ. ಮಾತು ಕೊಡಬೇಡಿ, ಏಕೆಂದರೆ ಉಳಿಸಿಕೊಳ್ಳಲು ಆಗುವುದಿಲ್ಲ. ‘ನೀನು ಹೇಳಿದ್ದು ಒಳ್ಳೆಯದಾಯ್ತು. ನಿನ್ನದೇನೂ ತಪ್ಪಿಲ್ಲ. ನಿನ್ನ ಕಾಪಾಡೋಕೆ ಒಂದಿಬ್ಬರು ದೊಡ್ಡವರಿಗೆ ನಾನು ಹೇಳಲೇಬೇಕು. ಯಾರಿಗೆ ಹೇಳ್ತೀನಿ ಅಂತ ನಿನಗೂ ಹೇಳ್ತೀನಿ’ ಎಂದರೆ ಸಾಕು. ಮೈ ಮೇಲಿನ ಗುರುತು ನೋಡಲು ಬಟ್ಟೆ ಬಿಚ್ಚಿಸಬೇಡಿ, ಫೋಟೋ ತೆಗೆಯಬೇಡಿ, ಮೊಬೈಲಿನಲ್ಲಿ ಮಾತು ರೆಕಾರ್ಡ್ ಮಾಡಬೇಡಿ. ಇನ್ನೊಬ್ಬ ಟೀಚರನ್ನು ಕರೆದು ‘ಇವರಿಗೂ ಹೇಳು’ ಎನ್ನುವುದು ಮಗುವಿಗೆ ಮಾಡುವ ಎರಡನೇ ಗಾಯ.

ಮಾತು ಬಾರದ, ಕಿವಿ ಕೇಳದ, ಬುದ್ಧಿಮಾಂದ್ಯತೆಯಿರುವ ಮಗುವಾದರೆ ನೀವೇ ಸನ್ನೆಯಿಂದ ಅರ್ಥ ಹೊರಡಿಸಲು ಹೋಗಬೇಡಿ. ವಿಶೇಷ ಶಿಕ್ಷಕರನ್ನು ಅಥವಾ ದುಭಾಷಿಗಳನ್ನು ಒದಗಿಸಬೇಕು ಎಂದು ಕಾಯ್ದೆಯೇ ಹೇಳುತ್ತದೆ. ನೀವು ಕಂಡದ್ದನ್ನು ಕಂಡ ಹಾಗೆ ತಿಳಿಸಿ, ಈ ನೆರವು ಬೇಕು ಎಂದೂ ಸೇರಿಸಿ.

ಕೂಡಲೇ ಬರೆದಿಡಿ

ಮಗು ಎದ್ದು ಹೋದ ಹತ್ತು ನಿಮಿಷದೊಳಗೆ ಬರೆಯಿರಿ. ನೆನಪು ಸಂಜೆಯ ಹೊತ್ತಿಗೆ ಬಣ್ಣ ಬದಲಿಸಿರುತ್ತದೆ. ಬರಹ ಇಷ್ಟಿದ್ದರೆ ಸಾಕು:

‘9ನೇ ತಾರೀಖು, ಮಧ್ಯಾಹ್ನ 1.20, ಮೂರನೇ ತರಗತಿ ಕೋಣೆ. ಮಗು ಊಟಕ್ಕೆ ಹೋಗದೆ ಕೂತಿತ್ತು. ನಾನು: “ಯಾಕೆ ಪುಟ್ಟಿ, ಊಟಕ್ಕೆ ಹೋಗಲ್ವಾ?” ಮಗು: “ಆಟೋ ಮಾಮ ಅಲ್ಲೆಲ್ಲ ಮುಟ್ತಾನೆ ಮಿಸ್.” ನಾನು: “ಏನಾಯ್ತು, ಹೇಳ್ತೀಯಾ?” ಮಗು: “ಎಲ್ಲಾರೂ ಇಳಿದ ಮೇಲೆ. ಅಮ್ಮಂಗೆ ಹೇಳಿದ್ರೆ ಆಟೋದಿಂದ ತಳ್ಬಿಡ್ತೀನಿ ಅಂದ.” ಇಷ್ಟು ಹೇಳಿ ಅತ್ತಿತು. ಮತ್ತೆ ಕೇಳಲಿಲ್ಲ. ಮಾತು ಮುಗಿದಾಗ 1.30. ಬರೆದದ್ದು 1.40ಕ್ಕೆ.’ ಕೆಳಗೆ ಹೆಸರು, ಹುದ್ದೆ, ಸಹಿ.

ಇಲ್ಲಿ ‘ಅಲ್ಲೆಲ್ಲ’ ಎಂಬ ಪದ ಹಾಗೆಯೇ ಉಳಿದಿರುವುದನ್ನು ಗಮನಿಸಿ. ಓದಿದವರ ಕೈ ತಾನಾಗಿಯೇ ಅದನ್ನು ‘ಗುಪ್ತಾಂಗ’ ಎಂದು ತಿದ್ದಲು ಹೋಗುತ್ತದೆ. ತಿದ್ದಿದರೆ ಅದು ನಿಮ್ಮ ಊಹೆ, ಮಗುವಿನ ಮಾತಲ್ಲ. ಎಂಟು ವರ್ಷದ ಮಗು ‘ಗುಪ್ತಾಂಗ’ ಎಂದು ಹೇಳಿತೇ ಎಂದು ಪಾಟೀಸವಾಲಿನಲ್ಲಿ ಕೇಳಿದಾಗ ಉತ್ತರ ಇರುವುದಿಲ್ಲ. ಮಗು ಬಳಸಿದ ಪದ, ಅದರ ಊರಿನ ಮಾತು, ಅರ್ಧಕ್ಕೆ ನಿಂತ ವಾಕ್ಯ, ಎಲ್ಲವೂ ಹಾಗೆಯೇ ಇರಲಿ. ನಿಮ್ಮ ಪ್ರಶ್ನೆಯನ್ನೂ ಬರೆಯಿರಿ, ನೀವು ಹೇಳಿಕೊಡಲಿಲ್ಲ ಎಂಬುದಕ್ಕೆ ಅದೇ ಪುರಾವೆ. ಮೊದಲು ಗೀಚಿದ ಚೀಟಿಯನ್ನು ನೀಟಾಗಿ ನಕಲು ಮಾಡಿ ಮೂಲವನ್ನು ಹರಿದು ಹಾಕುವವರಿದ್ದಾರೆ. ಬೆಲೆಯಿರುವುದು ಮೂಲಕ್ಕೇ, ಇಟ್ಟುಕೊಳ್ಳಿ.

ಯಾರಿಗೆ ತಿಳಿಸುವುದು, ಎಷ್ಟು ಹೊತ್ತಿನೊಳಗೆ

‘24 ಗಂಟೆ ಸಮಯವಿದೆ’ ಎಂಬ ಮಾತು ಎಲ್ಲೆಡೆ ಚಾಲ್ತಿಯಲ್ಲಿದೆ. ಅದು ತಪ್ಪು ತಿಳಿವಳಿಕೆ. ಆ 24 ಗಂಟೆ ಪೊಲೀಸರಿಗೆ ಕೊಟ್ಟದ್ದು: ಮಕ್ಕಳ ಕಲ್ಯಾಣ ಸಮಿತಿಗೂ (ಆರೈಕೆ, ರಕ್ಷಣೆ ಬೇಕಾದ ಮಕ್ಕಳ ವಿಷಯ ತೀರ್ಮಾನಿಸುವ ಜಿಲ್ಲಾ ಸಮಿತಿ) ಪೋಕ್ಸೊ ಪ್ರಕರಣ ನಡೆಸುವ ವಿಶೇಷ ನ್ಯಾಯಾಲಯಕ್ಕೂ ವಿಷಯ ಮುಟ್ಟಿಸಲು, ಮಗುವಿಗೆ ಆರೈಕೆ ಬೇಕಿದ್ದರೆ ವ್ಯವಸ್ಥೆ ಮಾಡಲು. ನಿಮಗೆ ಕಾಯ್ದೆ ಗಂಟೆಯ ರಿಯಾಯಿತಿ ಕೊಟ್ಟಿಲ್ಲ. ನಮ್ಮ ಉದಾಹರಣೆಯಲ್ಲಂತೂ ಗಡುವನ್ನು ಗಡಿಯಾರವೇ ಹೇಳುತ್ತದೆ. ಶಾಲೆ ಬಿಟ್ಟಾಗ ಅದೇ ಆಟೋ ಗೇಟಿನ ಮುಂದೆ ಬಂದು ನಿಲ್ಲುತ್ತದೆ, ಮಗು ಅದನ್ನು ಹತ್ತಬಾರದು. 1.40ಕ್ಕೆ ಬರೆದು ಮುಗಿಸಿದವರು 2 ಗಂಟೆಯೊಳಗೆ ಫೋನ್ ಹಿಡಿದಿರಬೇಕು.

ಮಗುವಿಗೆ ಈಗಲೇ ಅಪಾಯವಿದ್ದರೆ 112. ಮಕ್ಕಳ ಸಹಾಯವಾಣಿ 1098 ಹಗಲು ರಾತ್ರಿ ಇರುತ್ತದೆ, ಹೆಸರು ಹೇಳದೆಯೂ ಮಾತಾಡಬಹುದು. ಆದರೆ ಒಂದು ಎಚ್ಚರ: 19ನೇ ಸೆಕ್ಷನ್ ಹೆಸರಿಸುವುದು ಪೊಲೀಸರನ್ನು. ಆದ್ದರಿಂದ 1098ಕ್ಕೆ ಹೇಳಿದ ಮೇಲೂ ಠಾಣೆಗೆ ಲಿಖಿತವಾಗಿ ತಿಳಿಸಿದರೇ ನಿಮ್ಮ ಹೊಣೆ ಸಂಶಯವಿಲ್ಲದೆ ಮುಗಿಯುತ್ತದೆ. ಹಾಗೆಯೇ ಮುಖ್ಯಶಿಕ್ಷಕರಿಗೆ, ಬಿಇಒಗೆ, ಆಸ್ಪತ್ರೆಯ ಆಡಳಿತಾಧಿಕಾರಿಗೆ ಹೇಳುವುದು ಆಡಳಿತದ ಶಿಸ್ತು, ಕಾನೂನಿನ ವರದಿ ಅಲ್ಲ. ಅವರು ‘ನಾನು ನೋಡಿಕೊಳ್ತೀನಿ’ ಎಂದರೂ ನಿಮ್ಮ ಹೊಣೆ ನಿಮ್ಮ ಹೆಗಲಲ್ಲೇ ಇರುತ್ತದೆ. ಒಟ್ಟಿಗೆ ಹೋಗಿ ಸಹಿ ಹಾಕಿ, ಅಥವಾ ನೀವೇ ಕೊಡಿ. ಕೆಲಸದ ಸ್ಥಳದ ಲೈಂಗಿಕ ಕಿರುಕುಳ ವಿಚಾರಿಸುವ ಆಂತರಿಕ ದೂರು ಸಮಿತಿಗೆ ಮಗುವಿನ ಪ್ರಕರಣವನ್ನು ಒಪ್ಪಿಸಿ ಕೂರುವ ಸಂಸ್ಥೆಗಳೂ ಇವೆ. ಆ ಸಮಿತಿಗೂ ಪೋಕ್ಸೊ ವರದಿಗೂ ಸಂಬಂಧವಿಲ್ಲ.

ಪತ್ರ ಒಂದು ಪುಟ ಮೀರಬೇಕಿಲ್ಲ. ‘ಗೆ, ಠಾಣಾಧಿಕಾರಿಗಳು’ ಎಂದು ಶುರುಮಾಡಿ, ವಿಷಯದ ಸಾಲಿನಲ್ಲಿ ‘ಪೋಕ್ಸೊ ಕಾಯ್ದೆ 2012ರ 19(1)ರ ಅಡಿ ಮಾಹಿತಿ’ ಎಂದು ಬರೆಯಿರಿ. ಒಳಗೆ ನಿಮ್ಮ ಹೆಸರು, ಹುದ್ದೆ, ಮಗುವಿನ ಹೆಸರು ಮತ್ತು ವಯಸ್ಸು, ಯಾವ ದಾಖಲೆಯಿಂದ ವಯಸ್ಸು ಗೊತ್ತು (ಶಾಲೆಯ ದಾಖಲಾತಿ ಪುಸ್ತಕ, ಜನನ ಪ್ರಮಾಣಪತ್ರ), ಮಗು ಹೇಳಿದ ಮಾತು ಅದರ ಶಬ್ದದಲ್ಲೇ, ಆರೋಪಿಯ ಬಗ್ಗೆ ಗೊತ್ತಿರುವಷ್ಟು, ಮಗು ಈಗ ಎಲ್ಲಿದೆ, ತಕ್ಷಣದ ಅಪಾಯ ಏನು ಎಂಬುದು ಇರಲಿ. ಆರೋಪಿಯ ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ‘ಅತ್ಯಾಚಾರ ನಡೆದಿದೆ’, ‘ನಡೆದಿಲ್ಲ’ ಎಂಬ ತೀರ್ಪು ಬೇಡ. ಎರಡು ಪ್ರತಿ ಒಯ್ದು ಒಂದರ ಮೇಲೆ ದಿನಾಂಕ, ಸಮಯ, ಸಹಿ, ಮೊಹರು ಹಾಕಿಸಿಕೊಳ್ಳಿ.

ಪ್ರತಿ ಠಾಣೆಯಲ್ಲೂ ಎಎಸ್ಐಗಿಂತ ಕೆಳಗಿನ ದರ್ಜೆಯದಲ್ಲದ ಒಬ್ಬರು ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು. ಹೋದ ಕೂಡಲೇ ಅವರನ್ನೇ ಕೇಳಿ. ನಿಮ್ಮ ಮಾಹಿತಿಗೆ ನಮೂದು ಸಂಖ್ಯೆ ಕೊಟ್ಟು, ಬರೆದುಕೊಂಡು, ನಿಮಗೆ ಓದಿ ಹೇಳಬೇಕು. ಎಫ್‌ಐಆರ್ ಪ್ರತಿ ಉಚಿತ. ಮಗುವನ್ನು ಠಾಣೆಗೆ ಕರೆದೊಯ್ಯಬೇಕಿಲ್ಲ. ಅದರ ಹೇಳಿಕೆಯನ್ನು ಮನೆಯಲ್ಲೋ ಅದು ಇಷ್ಟಪಡುವ ಜಾಗದಲ್ಲೋ, ಸಾಧ್ಯವಾದಷ್ಟೂ ಸಬ್ ಇನ್‌ಸ್ಪೆಕ್ಟರ್‌ಗಿಂತ ಕೆಳಗಲ್ಲದ ಮಹಿಳಾ ಅಧಿಕಾರಿ, ಸಮವಸ್ತ್ರವಿಲ್ಲದೆ ಬಂದು ದಾಖಲಿಸಿಕೊಳ್ಳಬೇಕು ಎಂದು 24ನೇ ಸೆಕ್ಷನ್ ಹೇಳುತ್ತದೆ. ರಾತ್ರಿ ಹೊತ್ತು ಯಾವ ಕಾರಣಕ್ಕೂ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ.

‘ಇದು ನಮ್ಮ ಹದ್ದಿಗೆ ಬರಲ್ಲ’ ಎಂದರೆ ಝೀರೋ ಎಫ್‌ಐಆರ್ ಕೇಳಿ. ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಅಪರಾಧ ಎಲ್ಲೇ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಇಮೇಲ್‌ನಂಥ ವಿದ್ಯುನ್ಮಾನ ಮಾರ್ಗದಲ್ಲಿ ಕಳಿಸಿದರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು. ತೆಗೆದುಕೊಳ್ಳಲೇ ಒಪ್ಪದಿದ್ದರೆ ಅದೇ ಪತ್ರವನ್ನು ಜಿಲ್ಲಾ ಎಸ್‌ಪಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಒಂದು ಪ್ರತಿ ಮಕ್ಕಳ ಕಲ್ಯಾಣ ಸಮಿತಿಗೆ, ಇನ್ನೊಂದು ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ. ಅಂಚೆ ರಸೀದಿ ಜೋಪಾನ.

ಮನೆಯವರಿಗೆ ಯಾವಾಗ ಹೇಳುವುದು

ಆರೋಪಿ ಹೊರಗಿನವನಾದರೆ ತಾಯಿಯನ್ನೋ ತಂದೆಯನ್ನೋ ಕೂಡಲೇ ಶಾಲೆಗೆ ಕರೆಸಿ, ಮುಖಾಮುಖಿ ಹೇಳಿ. ಫೋನಿನಲ್ಲಿ ಪೂರ್ತಿ ಹೇಳಬೇಡಿ, ಸಿಟ್ಟಿನಲ್ಲಿ ಆರೋಪಿಯ ಮನೆಗೆ ನುಗ್ಗಿದರೆ ಇನ್ನೊಂದು ಅನಾಹುತ.

ಅನುಮಾನ ಮನೆಯೊಳಗಿನವರ ಮೇಲೇ ಇದ್ದರೆ ಕ್ರಮ ತಿರುಗುತ್ತದೆ: ಮೊದಲು ಪೊಲೀಸರು, ಆಮೇಲೆ ಮನೆ. ಮಗು ಆರೋಪಿಯ ಜೊತೆ ಒಂದೇ ಸೂರಿನಡಿ ಇದ್ದರೆ 24 ಗಂಟೆಯೊಳಗೆ ಅದನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು ಎಂದು 2020ರ ಪೋಕ್ಸೊ ನಿಯಮಗಳು ಹೇಳುತ್ತವೆ. ಸಂಜೆ ಮಗುವನ್ನು ಅದೇ ಮನೆಗೆ ಕಳಿಸಿ ‘ನಾಳೆ ನೋಡೋಣ’ ಎನ್ನುವಂತಿಲ್ಲ.

‘ಮರ್ಯಾದೆ ಹೋಗುತ್ತೆ, ದಯವಿಟ್ಟು ಬಿಟ್ಟುಬಿಡಿ’ ಎಂದು ತಾಯಿ ಕೈಮುಗಿದು ನಿಂತಾಗ ಎದೆ ಕರಗದವರು ಯಾರು? ಆದರೂ ತಿಳಿಸಲೇಬೇಕು. ಹೆತ್ತವರ ಬೇಡಿಕೆಯಿಂದ ನಿಮ್ಮ ಹೊಣೆ ಮಾಫಿಯಾಗುವುದಿಲ್ಲ. ಪಂಚಾಯ್ತಿ ಕಟ್ಟೆಯಲ್ಲಿ ದುಡ್ಡು ಕೊಡಿಸಿ ‘ರಾಜಿ’ ಮಾಡಿಸಲು ಈ ಅಪರಾಧ ಬಗ್ಗುವುದಿಲ್ಲ. ತಾಯಿಗೆ ನಿಜವಾಗಿ ಬೇಕಿರುವುದು ಭರವಸೆ: ಹೆಸರು ಹೊರಬರುವುದಿಲ್ಲ, ಮಗು ಠಾಣೆ ಮೆಟ್ಟಿಲು ಹತ್ತಬೇಕಿಲ್ಲ, ಚಿಕಿತ್ಸೆ ಉಚಿತ, ವಕೀಲರ ನೆರವು ಕಾನೂನು ಸೇವಾ ಪ್ರಾಧಿಕಾರದಿಂದ ಸಿಗುತ್ತದೆ (ಸಹಾಯವಾಣಿ 15100). ಕೂತು ಬಿಡಿಸಿ ಹೇಳಿ.

ಮೊದಲ 72 ಗಂಟೆ

ದೌರ್ಜನ್ಯ ಇತ್ತೀಚಿನದಾದರೆ ಆಸ್ಪತ್ರೆಗೆ ಹೋಗುವುದನ್ನು ಮುಂದೂಡುವಂತಿಲ್ಲ. ಎಚ್‌ಐವಿ ತಡೆಯುವ ಔಷಧ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಗರ್ಭ ತಡೆಯುವ ತುರ್ತು ಮಾತ್ರೆಯೂ ಹಾಗೇ, ತಡವಾದಷ್ಟೂ ಅದರ ಶಕ್ತಿ ಕುಗ್ಗುತ್ತದೆ. ಮೈಮೇಲಿನ ಸಾಕ್ಷ್ಯ 72 ಗಂಟೆಯ ನಂತರ ಸಿಗುವುದು ಅಪರೂಪ. ಆದರೂ 96 ಗಂಟೆಯವರೆಗೆ ಸಂಗ್ರಹಿಸಲು ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿ ಹೇಳುತ್ತದೆ.

ಮಗುವಿಗೆ ಸ್ನಾನ ಮಾಡಿಸುವ ಮುನ್ನವೇ ಕರೆದೊಯ್ಯಿರಿ. ಮೈ ತೊಳೆದಾಗಿದ್ದರೂ, ಬಟ್ಟೆ ಬದಲಿಸಿದ್ದರೂ ಹೋಗಿ. ಆ ದಿನದ ಬಟ್ಟೆಯನ್ನು ತೊಳೆಯದೆ ಕಾಗದದ ಚೀಲದಲ್ಲಿ ಹಾಕಿ. ಪ್ಲಾಸ್ಟಿಕ್ ಕವರಿನಲ್ಲಿ ತೇವ ನಿಂತು ಬೂಸ್ಟು ಹಿಡಿಯುತ್ತದೆ, ಸಾಕ್ಷ್ಯ ಹಾಳು. ಒಂದೊಂದು ಬಟ್ಟೆಗೆ ಒಂದೊಂದು ಚೀಲ.

ಎಫ್‌ಐಆರ್ ಇನ್ನೂ ಆಗಿಲ್ಲ, ಪೊಲೀಸರ ಪತ್ರ ತನ್ನಿ ಎಂದು ಯಾವ ಆಸ್ಪತ್ರೆಯೂ ಹಿಂದಕ್ಕೆ ಕಳಿಸುವಂತಿಲ್ಲ. ನಿಯಮದ ಪ್ರಕಾರ ತುರ್ತು ಚಿಕಿತ್ಸೆಗೆ ಯಾವ ಕಾಗದವನ್ನೂ ಕೇಳಬಾರದು. ನಾಗರಿಕ ಸುರಕ್ಷಾ ಸಂಹಿತೆಯ 397ನೇ ಸೆಕ್ಷನ್ ಅಡಿ ಸರ್ಕಾರಿ, ಖಾಸಗಿ ಎರಡೂ ಆಸ್ಪತ್ರೆಗಳು ಉಚಿತವಾಗಿ ಚಿಕಿತ್ಸೆ ಕೊಡಬೇಕು. ಹುಡುಗಿಯಾದರೆ ಪರೀಕ್ಷೆ ಮಾಡುವವರು ಮಹಿಳಾ ವೈದ್ಯರೇ ಆಗಿರಬೇಕು, ಜೊತೆಗೆ ತಾಯಿತಂದೆ ಅಥವಾ ಮಗು ನಂಬುವವರು ಇರಬೇಕು. ಮಾರ್ಗಸೂಚಿಯಂತೆ 12 ತುಂಬಿದ ಮಗು ಪರೀಕ್ಷೆಗೆ ತಾನೇ ಒಪ್ಪಿಗೆ ಕೊಡಬಹುದು, ಬೇಡ ಎಂದರೂ ಚಿಕಿತ್ಸೆ ನಿಲ್ಲಬಾರದು.

ತಾಯಿ ಕಾರ್ಡ್ ಮಾಡಿಸಲು ಬಂದ 17ರ ಹುಡುಗಿ

ಪ್ರಾಥಮಿಕ ಆರೋಗ್ಯ ಕೇಂದ್ರದವರಿಗೆ, ಆಶಾ ಕಾರ್ಯಕರ್ತೆಯರಿಗೆ ಅತಿ ಹೆಚ್ಚು ಎದುರಾಗುವುದು ಇದೇ. ಹುಡುಗಿಗೆ ಮದುವೆಯಾಗಿದೆ, ಗಂಡ ಜೊತೆಗೇ ಬಂದಿದ್ದಾನೆ, ಆಧಾರ್ ನೋಡಿದರೆ 18 ತುಂಬಿಲ್ಲ. ಮದುವೆಯಾಗಿದೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. 18ರೊಳಗಿನ ಹೆಂಡತಿಯೊಂದಿಗಿನ ಲೈಂಗಿಕ ಸಂಪರ್ಕವೂ ಅತ್ಯಾಚಾರವೇ ಎಂದು ಸುಪ್ರೀಂ ಕೋರ್ಟ್ 2017ರ ಅಕ್ಟೋಬರ್ 11ರಂದು ಹೇಳಿದೆ. ಒಪ್ಪಿಗೆಯಿತ್ತು, ಪ್ರೀತಿಯಿತ್ತು ಎಂದರೂ ಪೋಕ್ಸೊ ಅದನ್ನು ಒಪ್ಪುವುದಿಲ್ಲ. ತಿಳಿಸುವ ಹೊಣೆ ಇದ್ದೇ ಇದೆ.

ಇದರಿಂದ ಹುಟ್ಟುವ ಸಂಕಟ ದೊಡ್ಡದು. ಪೊಲೀಸರಿಗೆ ಹೇಳುತ್ತಾರೆಂದು ಹೆದರಿ ಹುಡುಗಿಯರು ತಪಾಸಣೆಗೇ ಬಾರದೆ, ನಾಟಿ ಔಷಧಕ್ಕೆ, ಮನೆಹೆರಿಗೆಗೆ ಮೊರೆಹೋಗುವ ಅಪಾಯವಿದೆ. ಹಾಗಾಗಿ ಕ್ರಮ ಹೀಗಿರಲಿ: ಮೊದಲು ಆರೈಕೆ, ರಕ್ತಪರೀಕ್ಷೆ, ನೋಂದಣಿ. ವರದಿಯ ಬಗ್ಗೆ ಹುಡುಗಿಗೆ ಒಬ್ಬಳಿಗೇ, ಮೆತ್ತಗೆ ಹೇಳುವುದು. ಬಳಿಕ ವರದಿ. ಗರ್ಭಪಾತಕ್ಕೆ ಬಂದ ಹುಡುಗಿಯ ವಿಷಯದಲ್ಲಿ ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಒಂದು ದಾರಿ ತೆರೆದಿದೆ. ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ, ವೈದ್ಯರು ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಅವಳ ಹೆಸರು, ಗುರುತು ಹೇಳಬೇಕಿಲ್ಲ. ವರದಿಯನ್ನೇ ಕೈಬಿಡಬಹುದು ಎಂದು ಇದಕ್ಕೆ ಅರ್ಥವಲ್ಲ.

ಮೊಬೈಲಿನಲ್ಲಿ ಸಿಕ್ಕ ಚಿತ್ರ

ಮಗುವಿನ ಅಶ್ಲೀಲ ಚಿತ್ರ, ವಿಡಿಯೋ ಕಣ್ಣಿಗೆ ಬಿದ್ದರೆ ‘ಸಾಕ್ಷಿಗೆ ಇರಲಿ’ ಎಂದು ಯಾರಿಗೂ ಕಳಿಸಬೇಡಿ, ಪೊಲೀಸರ ವಾಟ್ಸ್‌ಆ್ಯಪ್‌ಗೂ ಬೇಡ. ಇಟ್ಟುಕೊಳ್ಳುವುದು, ಹಂಚುವುದು ಎರಡೂ 15ನೇ ಸೆಕ್ಷನ್‌ನಲ್ಲಿ ಅಪರಾಧವಾಗಬಲ್ಲವು. ಎಲ್ಲಿ, ಯಾವಾಗ, ಯಾವ ಖಾತೆಯಲ್ಲಿ ಕಂಡಿತೆಂದು ಬರೆದುಕೊಂಡು ಠಾಣೆಗೋ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ಗೋ ತಿಳಿಸಿ. ಅಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು. ಲಾಡ್ಜ್, ಆಸ್ಪತ್ರೆ, ಸ್ಟುಡಿಯೋ, ಮಾಧ್ಯಮ ಸಂಸ್ಥೆಗಳ ಸಿಬ್ಬಂದಿಗೆ 20ನೇ ಸೆಕ್ಷನ್ ಇದನ್ನು ಪ್ರತ್ಯೇಕವಾಗಿ ಕಡ್ಡಾಯ ಮಾಡಿದೆ.

ಸಂಸ್ಥೆಯ ಮುಖ್ಯಸ್ಥರಿಗೆ

ಆರೋಪ ನಿಮ್ಮದೇ ಸಿಬ್ಬಂದಿಯ ಮೇಲೆ ಬಂದಾಗ ಅವರನ್ನು ಕರೆದು ‘ಏನ್ರೀ ಇದು?’ ಎಂದು ಕೇಳುವ ಮನಸ್ಸಾಗುತ್ತದೆ. ಬೇಡ. ಫೋನು ಖಾಲಿ ಮಾಡಲು, ಊರು ಬಿಡಲು, ಮಗುವಿನ ಮನೆಗೆ ಜನ ಕಳಿಸಲು ಅದೇ ಸುಳಿವಾಗುತ್ತದೆ. ಪೊಲೀಸರಿಗೆ ತಿಳಿಸಿದ ಮೇಲೆ ಅವರನ್ನು ಎಲ್ಲ ಮಕ್ಕಳಿಂದ ದೂರವಿಡುವ ಆದೇಶ ಹೊರಡಿಸಿ. ರಾಜೀನಾಮೆ ಬರೆಸಿಕೊಂಡು ಸದ್ದಿಲ್ಲದೆ ಕಳಿಸಿದರೆ ಅವರು ಇನ್ನೊಂದು ಶಾಲೆಯ ಮಕ್ಕಳ ನಡುವೆ ಕಾಣಿಸಿಕೊಳ್ಳುತ್ತಾರೆ, ಸಿಬ್ಬಂದಿಯ ಅಪರಾಧ ತಿಳಿಸದ ಮುಖ್ಯಸ್ಥರಿಗೆ ಅನ್ವಯಿಸುವ 21(2)ನೇ ಸೆಕ್ಷನ್ ನಿಮ್ಮ ಮೇಲೆ ಬರುತ್ತದೆ.

ಸಿಸಿಟಿವಿ ಯಂತ್ರ ಜಾಗ ತುಂಬಿದ ಕೂಡಲೇ ಹಳೆಯದರ ಮೇಲೆ ಹೊಸದನ್ನು ಬರೆಯುತ್ತದೆ. ಆ ದಿನಗಳ ದೃಶ್ಯ ಅಳಿಯದಂತೆ ಅಂದೇ ಎತ್ತಿಡಿಸಿ, ಆದರೆ ಸಿಬ್ಬಂದಿ ಕೂತು ನೋಡುವುದು ಬೇಡ. ಹಾಜರಿ ಪುಸ್ತಕ, ಗೇಟಿನ ರಿಜಿಸ್ಟರ್, ವಾಹನದ ಪಟ್ಟಿ ತಿದ್ದುಪಡಿ ಆಗದಂತೆ ಬೀರುವಿಗೆ ಹಾಕಿ. ಮಕ್ಕಳೊಂದಿಗೆ ಒಡನಾಡುವ ಪ್ರತಿ ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನು ಕಾಲಕಾಲಕ್ಕೆ ಮಾಡಿಸುವುದು 2020ರ ನಿಯಮಗಳಂತೆ ಕಡ್ಡಾಯ. ಗುತ್ತಿಗೆ ಚಾಲಕರು, ಕಾವಲುಗಾರರು, ಡ್ಯಾನ್ಸ್ ಮಾಸ್ಟರ್ ಕೂಡ ಅದರಲ್ಲಿ ಸೇರುತ್ತಾರೆ.

ಗುಟ್ಟು ಕಾಯುವುದು

ಮಗುವಿನ ಹೆಸರು, ಫೋಟೋ, ಮನೆ, ಶಾಲೆ, ನೆರೆಹೊರೆ, ಹೆತ್ತವರ ವಿವರ, ಗುರುತು ಹಿಡಿಯಬಹುದಾದ ಯಾವುದನ್ನೂ ಮಾಧ್ಯಮದಲ್ಲಿ ಬಯಲು ಮಾಡುವಂತಿಲ್ಲ. 23ನೇ ಸೆಕ್ಷನ್ ಇದಕ್ಕೆ ಕನಿಷ್ಠ 6 ತಿಂಗಳಿಂದ 1 ವರ್ಷದವರೆಗೆ ಸೆರೆವಾಸ, ಅಥವಾ ದಂಡ, ಅಥವಾ ಎರಡನ್ನೂ ಇಟ್ಟಿದೆ. ಗುಟ್ಟು ಸೋರುವುದು ಹೆಚ್ಚಾಗಿ ಪತ್ರಿಕೆಯಿಂದಲ್ಲ, ಸ್ಟಾಫ್ ರೂಮಿನಿಂದ ಮತ್ತು ಪೋಷಕರ ವಾಟ್ಸ್‌ಆ್ಯಪ್ ಗುಂಪಿನಿಂದ. ‘ಮೂರನೇ ಕ್ಲಾಸ್ ಹುಡುಗಿ, ಆಟೋದಲ್ಲಿ ಬರ್ತಾಳಲ್ಲ’ ಎಂದರೆ ಊರಿಗೆಲ್ಲ ಗೊತ್ತಾಯಿತು. ಪತ್ರ ಮೊಹರು ಮಾಡಿದ ಲಕೋಟೆಯಲ್ಲಿ ಹೋಗಲಿ, ಟಪಾಲು ಪುಸ್ತಕದಲ್ಲಿ ಮಗುವಿನ ಹೆಸರು ಬೇಡ. ವಿಷಯ ಗೊತ್ತಿರಬೇಕಾದವರು ಇಬ್ಬರು, ಹೆಚ್ಚೆಂದರೆ ಮೂವರು.

ಹೊಡೆತ, ಬರೆ, ಹಸಿವು

ತಿಳಿಸದಿದ್ದರೆ ಶಿಕ್ಷೆ ಎಂಬ ಪೋಕ್ಸೊ ನಿಯಮ ಲೈಂಗಿಕ ಅಪರಾಧಗಳಿಗೆ ಸೇರಿದ್ದು. ಬೆಲ್ಟಿನ ಬಾಸುಂಡೆ, ಸಿಗರೇಟಿನ ಸುಟ್ಟ ಗಾಯ, ಊಟ ಹಾಕದೆ ಕೂಡಿಹಾಕುವುದು ಬಾಲನ್ಯಾಯ ಕಾಯ್ದೆ 2015ರ 75ನೇ ಸೆಕ್ಷನ್‌ನ ಕ್ರೌರ್ಯದಡಿ ಬರುತ್ತವೆ, 3 ವರ್ಷದವರೆಗೆ ಸೆರೆವಾಸವಿದೆ. ಇಂಥದ್ದನ್ನು 1098ಕ್ಕೆ, ಮಕ್ಕಳ ಕಲ್ಯಾಣ ಸಮಿತಿಗೆ, ಪೊಲೀಸರಿಗೆ ತಿಳಿಸಿ. ಇನ್ನೂ ತೆವಳಲಾರದ ಕೂಸಿನ ಮೈಮೇಲೆ ಊದಿದ ಗುರುತು, ಕಿವಿ ಅಥವಾ ಕುತ್ತಿಗೆಯ ಮೇಲಿನ ಗಾಯ, ಹೇಳುವ ಕಾರಣಕ್ಕೆ ಹೊಂದದ ಮೂಳೆಮುರಿತ: ಇವನ್ನು ‘ಬಿದ್ದಿರಬೇಕು’ ಎಂದು ಬಿಡಬೇಡಿ. ಪೋಷಕರಿಲ್ಲದೆ ಒಂಟಿಯಾಗಿ ಸಿಕ್ಕ ಮಗುವಿನ ವಿಷಯದಲ್ಲಂತೂ ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ತಿಳಿಸುವುದು ಕಡ್ಡಾಯ. ತಪ್ಪಿದರೆ 6 ತಿಂಗಳವರೆಗೆ ಸೆರೆ, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ.

ತಿಳಿಸಿದ ಮೇಲೆ

ಮರುದಿನ ಮಗು ಶಾಲೆಗೆ ಬಂದಾಗ ಎಲ್ಲರಂತೆಯೇ ನೋಡಿಕೊಳ್ಳಿ. ಆ ವಿಷಯ ನೀವಾಗಿ ಎತ್ತಬೇಡಿ, ಅದು ಎತ್ತಿದರೆ ಕಿವಿಗೊಡಿ, ಹೊಸದಾಗಿ ಹೇಳಿದ್ದನ್ನು ಮತ್ತೆ ಅದೇ ರೀತಿ ಬರೆದಿಡಿ. ‘ಶಾಲೆಗೆ ಕೆಟ್ಟ ಹೆಸರು’ ಎಂದು ಟಿಸಿ ಕೊಟ್ಟು ಕಳಿಸುವುದು ಅನ್ಯಾಯ. ಸಾಕ್ಷಿ ಹೇಳುವ ತನಕ ಜೊತೆಗಿರಲು ಬೆಂಬಲ ವ್ಯಕ್ತಿಯನ್ನು ಮಕ್ಕಳ ಕಲ್ಯಾಣ ಸಮಿತಿ ಕೊಡುತ್ತದೆ. ಕೊಡದಿದ್ದರೆ ಕೇಳಿ ಪಡೆಯಿರಿ. ಊಟ, ಬಟ್ಟೆ, ಓಡಾಟಕ್ಕೂ ಕೈಯಲ್ಲಿ ದುಡ್ಡಿಲ್ಲದ ಮನೆಯಾದರೆ ವಿಶೇಷ ಪರಿಹಾರಕ್ಕೆ ಸಮಿತಿ ಶಿಫಾರಸು ಮಾಡಬಹುದು, ಅದು ತಲುಪಿದ ಒಂದು ವಾರದೊಳಗೆ ಹಣ ಕೊಡಬೇಕು.

ಮಗು ಒಂದು ದಿನ ‘ನಾನು ಸುಳ್ಳು ಹೇಳ್ದೆ’ ಎನ್ನಬಹುದು. ಮನೆಯ ಒತ್ತಡಕ್ಕೆ, ಅಪ್ಪ ಜೈಲಿಗೆ ಹೋಗುತ್ತಾನೆಂಬ ಹೆದರಿಕೆಗೆ ಮಕ್ಕಳು ಮಾತು ಹಿಂತೆಗೆದುಕೊಳ್ಳುತ್ತಾರೆ. ನೀವು ಅದನ್ನು ನಂಬಿ ವರದಿ ವಾಪಸು ಪಡೆಯಲು ಹೊರಡಬೇಡಿ, ಮಗುವನ್ನು ಬೈಯಲೂ ಬೇಡಿ. ಆ ಮಾತನ್ನೂ ದಿನಾಂಕ ಹಾಕಿ ಬರೆದು ತನಿಖಾಧಿಕಾರಿಗೆ ಕೊಡಿ.

ವಿಚಾರಣೆ ಸಾಧ್ಯವಾದಷ್ಟೂ ಒಂದು ವರ್ಷದೊಳಗೆ ಮುಗಿಯಬೇಕೆಂದು 35ನೇ ಸೆಕ್ಷನ್ ಹೇಳಿದರೂ ಸಮನ್ಸ್ ತಡವಾಗಿ ಬರಬಹುದು. ಅಷ್ಟರಲ್ಲಿ ನಿಮಗೆ ವರ್ಗಾವಣೆಯಾಗಿದ್ದರೆ ಹೊಸ ವಿಳಾಸವನ್ನು ಠಾಣೆಗೆ ತಿಳಿಸಿ. ಸಾಕ್ಷಿಕಟ್ಟೆಯಲ್ಲಿ ನೆನಪು ತಡವರಿಸಿದರೆ, ಘಟನೆಯ ಹೊತ್ತಿನಲ್ಲೇ ನೀವು ಬರೆದದ್ದನ್ನು ನೋಡಿ ನೆನಪು ಮಾಡಿಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆ. ಮೂಲ ಚೀಟಿ ಪೊಲೀಸರ ವಶಕ್ಕೆ ಹೋಗುವ ಮುನ್ನ ಒಂದು ಜೆರಾಕ್ಸ್ ಮಾಡಿಸಿ, ಬೀಗವಿರುವ ಕಡೆ ಇಟ್ಟುಕೊಳ್ಳಿ.